ತೆಗೆಯುವ ಮುಂಚೆ, ಅದು ಯಾರಿಗೆ ಬೇಕು ಅಂತ ಹೇಳಿ

(ಲಿನಕ್ಸ್ ಬಳಕೆದಾರರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನನ್ನದೇ ಒಂದು ಪೆದ್ದುತನ ಒಪ್ಪಿಕೊಂಡು ಶುರು ಮಾಡುತ್ತೇನೆ.

ಆಗ ಲಿನಕ್ಸ್ ಹಾಕಿಕೊಂಡು ಕೆಲವೇ ತಿಂಗಳಾಗಿತ್ತು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಯನ್ನು ಇಳಿಸಿಕೊಂಡು ಕೈಯಾರೆ ಹಾಕಿದ್ದೆ. ಆದರೆ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಕರೆದರೆ ಹಳೆಯದೇ ಎದ್ದು ಬರುತ್ತಿತ್ತು. ಎರಡೆರಡು ಯಾಕೆ, ಹಳೆಯದನ್ನು ತೆಗೆದುಬಿಡೋಣ ಅನ್ನಿಸಿತು. ರಿಮೂವ್ ಅಂತ ಆಜ್ಞೆ ಕೊಟ್ಟೆ. ಪರದೆ ತುಂಬ ಹೆಸರುಗಳು ಸರಸರ ಹರಿದವು. ಕೊನೆಯಲ್ಲಿ ‘ಇಷ್ಟು ಎಂಬಿ ಜಾಗ ಖಾಲಿಯಾಗುತ್ತದೆ’ ಅಂತ ಒಂದು ಸಾಲು. ಅದರ ಕೆಳಗೆ ‘ಮುಂದುವರಿಯಲೇ?’ ಅಂತ ಪ್ರಶ್ನೆ. ಜಾಗ ಸಿಗುತ್ತದಲ್ಲ ಅಂತ ಖುಷಿಯಾಗಿ ಎಂಟರ್ ಒತ್ತಿದೆ.

ಸ್ವಲ್ಪ ಹೊತ್ತಿಗೆ ಕಿಟಕಿಗಳ ಅಂಚು ಮಾಯವಾಯಿತು. ನೆಟ್‌ವರ್ಕ್ ಚಿಹ್ನೆ ಮಾಯವಾಯಿತು. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಕಪ್ಪು ಪರದೆ, ಮೇಲ್ಗಡೆ ಲಾಗಿನ್ ಕೇಳುವ ಒಂದೇ ಒಂದು ಸಾಲು. ಕೂತ ಕೊಂಬೆಯನ್ನೇ ಕಡಿದಿದ್ದೆ.

ಕಂಪ್ಯೂಟರ್ ಮೋಸ ಮಾಡಿರಲಿಲ್ಲ. ಎಲ್ಲವನ್ನೂ ಹೇಳಿಯೇ ತೆಗೆದಿತ್ತು. ಹರಿದುಹೋದ ಆ ಹೆಸರುಗಳಲ್ಲಿ ಡೆಸ್ಕ್‌ಟಾಪ್‌ನ, ಅಂದರೆ ಕಿಟಕಿ, ಮೆನು ತೋರಿಸುವ ಪ್ರೋಗ್ರಾಮಿನ ಹೆಸರೂ ಇತ್ತು. ಆದರೆ ಹೇಳೋದು ಬೇರೆ, ಎಚ್ಚರಿಸೋದು ಬೇರೆ. ಇವತ್ತು ನಾನು ಮಾತಾಡುವುದು ಈ ಎರಡರ ನಡುವಿನ ಜಾಗದ ಬಗ್ಗೆ.

ಒಂದು ಪ್ರೋಗ್ರಾಮ್ ತೆಗೆದರೆ ಇನ್ನೊಂದು ಯಾಕೆ ಬೀಳಬೇಕು? ಯಾಕೆಂದರೆ ಯಾವ ಪ್ರೋಗ್ರಾಮೂ ಎಲ್ಲ ಕೆಲಸವನ್ನೂ ತಾನೇ ಮಾಡಿಕೊಳ್ಳುವುದಿಲ್ಲ. ಅಕ್ಷರ ಬಿಡಿಸಲು ಒಂದು ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡ್), ಚಿತ್ರ ತೆರೆಯಲು ಇನ್ನೊಂದು, ಇಂಟರ್ನೆಟ್‌ನಲ್ಲಿ ಗುಟ್ಟಾಗಿ ಮಾತಾಡಲು ಓಪನ್‌ಎಸ್‌ಎಸ್‌ಎಲ್. ಎಲ್ಲರೂ ಅದೇ ಒಂದು ಪ್ರತಿಯನ್ನು ಹಂಚಿಕೊಳ್ಳುತ್ತಾರೆ. ಇದು ಬರೀ ಜಾಗ ಉಳಿಸುವ ಲೆಕ್ಕವಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ದೊಡ್ಡ ತೂತು ಹೊರಬಿತ್ತಲ್ಲ, ಆಗ ಹಂಚಿಕೊಂಡು ಬದುಕುವ ವ್ಯವಸ್ಥೆಗಳಲ್ಲಿ ಒಂದು ಲೈಬ್ರರಿ ಬದಲಾಯಿಸಿ, ಅದನ್ನು ಬಳಸುವವರನ್ನು ಮತ್ತೆ ಚಾಲೂ ಮಾಡಿದರೆ ತೂತು ಮುಚ್ಚುತ್ತಿತ್ತು. ತಮ್ಮ ಒಳಗೇ ಬೇರೆ ಪ್ರತಿ ಇಟ್ಟುಕೊಂಡ ಪ್ರೋಗ್ರಾಮುಗಳನ್ನು ಒಂದೊಂದಾಗಿ ಹುಡುಕಿ ಸರಿ ಮಾಡಬೇಕಾಯಿತು. ಹಂಚಿಕೆಯ ಸುಖ ಇದು. ಎಲ್ಲರೂ ಆತುಕೊಂಡ ಕಂಬ ಯಾವುದು ಅಂತ ಹೊರಗಿನಿಂದ ನೋಡಿದರೆ ಗೊತ್ತಾಗೋದಿಲ್ಲ ಅನ್ನೋದು ಅದರ ಕಷ್ಟ.

ಪ್ರೋಗ್ರಾಮು, ಲೈಬ್ರರಿಗಳು ಪ್ಯಾಕೇಜ್ ಅನ್ನೋ ಕಟ್ಟುಗಳಾಗಿ ಬರುತ್ತವೆ. ಅವನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ಗೆ ಮಾತ್ರ ಇದು ಗೊತ್ತಿರುತ್ತದೆ. ಪ್ರತಿ ಪ್ಯಾಕೇಜೂ ಬರುವಾಗಲೇ ‘ನನಗೆ ಇಂತಿಂಥದ್ದು ಬೇಕು’ ಅಂತ ಚೀಟಿ ತಂದಿರುತ್ತದೆ. ಆ ಚೀಟಿಗಳನ್ನೆಲ್ಲ ತಿರುಗಿಸಿ ಓದಿದರೆ ‘ಇದು ಯಾರ್ಯಾರಿಗೆ ಬೇಕು’ ಅನ್ನೋ ಪಟ್ಟಿ ಸಿಗುತ್ತದೆ. ಲೆಕ್ಕ ಅಷ್ಟೇನೂ ಕಷ್ಟದ್ದಲ್ಲ. ಲೆಕ್ಕ ಮುಗಿದ ಮೇಲೆ ಎದುರಿಗೆ ಕೂತ ಮನುಷ್ಯನಿಗೆ ಏನು ಹೇಳಬೇಕು ಅನ್ನೋದರಲ್ಲಿ ಒಂದೊಂದು ವ್ಯವಸ್ಥೆಯ ಸ್ವಭಾವ ಒಂದೊಂದು ಥರ.

ಕೆಲವು ಖಡಾಖಂಡಿತ. ಫೆಡೊರಾದಂಥ ಲಿನಕ್ಸ್‌ಗಳ ಆರ್ಪಿಎಂಗೆ ನೇರವಾಗಿ ‘ಇದನ್ನು ಅಳಿಸು’ ಅಂದರೆ, ‘ಇದು ಇಂಥ ಪ್ಯಾಕೇಜಿಗೆ ಬೇಕು’ ಅಂತ ಹೆಸರು ಹೇಳಿ ನಿಂತುಬಿಡುತ್ತದೆ. ಆರ್ಚ್ ಲಿನಕ್ಸ್‌ನ ಪ್ಯಾಕ್‌ಮನ್ ಕೂಡ ಹಾಗೆಯೇ. ಮ್ಯಾಕ್‌ನಲ್ಲಿ ಬಳಸುವ ಹೋಮ್‌ಬ್ರೂ ಕೂಡ ತೆಗೆಯಲು ಒಪ್ಪುವುದಿಲ್ಲ. ಮೂರರಲ್ಲೂ ಹಟ ಹಿಡಿದು ತೆಗೆಸಲು ದಾರಿ ಇದೆ. ಆದರೆ ಅದಕ್ಕೆ ಆಜ್ಞೆಯನ್ನೇ ಬೇರೆ ಥರ ಬರೆದು ಕೊಡಬೇಕು. ಸುಮ್ನೆ ಎಂಟರ್ ಒತ್ತಿದರೆ ಆಗೋದಿಲ್ಲ.

ಇನ್ನು ಕೆಲವು ಬಹಳ ಧಾರಾಳಿ. ಡೆಬಿಯನ್, ಉಬುಂಟು ಕಡೆಯ ಆಪ್ಟ್ ಮತ್ತು ಫೆಡೊರಾದ ಡಿಎನ್‌ಎಫ್ ಈ ಗುಂಪಿನವು. ಇದನ್ನು ತೆಗೆಯಬೇಕಾ, ಹಾಗಾದರೆ ಇದನ್ನು ನಂಬಿದವರೂ ಹೊರಡಲಿ ಅನ್ನುತ್ತವೆ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋದ ಹಾಗೆ. ಪಟ್ಟಿ ತೋರಿಸುತ್ತವೆ, ಕೇಳುತ್ತವೆ. ಇಲ್ಲೊಂದು ಸಣ್ಣ ವಿಷಯ ನೋಡಿ. ಡಿಎನ್‌ಎಫ್ ಕೇಳುವ ಪ್ರಶ್ನೆಯ ಕೊನೆಯಲ್ಲಿ y/N ಅಂತ ಇರುತ್ತದೆ, ‘ಬೇಡ’ ಅನ್ನೋದಕ್ಕೆ ಇಂಗ್ಲಿಷಿನ ದೊಡ್ಡಕ್ಷರ. ಏನೂ ಬರೆಯದೆ ಎಂಟರ್ ಒತ್ತಿದರೆ ಕೆಲಸ ನಿಲ್ಲುತ್ತದೆ. ನಾನು ಪೆದ್ದುತನ ಮಾಡಿದ ಕಾಲದ ಆಪ್ಟ್‌ನಲ್ಲಿ ದೊಡ್ಡಕ್ಷರ ಇದ್ದದ್ದು ‘ಹೌದು’ ಅನ್ನೋದಕ್ಕೆ. ಒಂದು ಅಕ್ಷರದ ವ್ಯತ್ಯಾಸ. ನನ್ನ ಡೆಸ್ಕ್‌ಟಾಪ್ ಉಳಿಯಲು ಅಷ್ಟು ಸಾಕಿತ್ತು.

ಮೂರನೆಯ ಗುಂಪು ಭುಜ ಕುಣಿಸಿ ಸುಮ್ಮನಾಗುವವರದ್ದು. ಪೈಥಾನ್‌ನ ಪಿಪ್‌ಗೆ ಒಂದು ಪ್ಯಾಕೇಜ್ ತೆಗೆ ಅಂದರೆ ಯಾವ ಕಡತಗಳನ್ನು ಅಳಿಸುತ್ತೇನೆ ಅಂತ ತೋರಿಸುತ್ತದೆ. ಅದು ಬೇರೆ ಯಾರಿಗಾದರೂ ಬೇಕಾ ಅಂತ ನೋಡುವುದೇ ಇಲ್ಲ. ಆಮೇಲೆ ಪಿಪ್ ಚೆಕ್ ಅಂತ ಕೊಟ್ಟರೆ ‘ಅಯ್ಯೋ, ಇದಕ್ಕೆ ಅದು ಬೇಕಿತ್ತು, ಅದು ಇಲ್ಲ’ ಅನ್ನುತ್ತದೆ. ಗೊತ್ತಿತ್ತಲ್ಲ ಮಾರಾಯ, ಮೊದಲೇ ಹೇಳಬಾರದಾ? ಜೆಂಟೂ ಅನ್ನೋ ಲಿನಕ್ಸ್‌ನಲ್ಲಿ ಇನ್ನೂ ಮಜಾ ಇದೆ. ಅಲ್ಲಿನ ಪ್ಯಾಕೇಜ್ ಆಜ್ಞೆ ಎಮರ್ಜ್‌ಗೆ ದೊಡ್ಡಕ್ಷರದ ಸಿ ಕೊಟ್ಟು ತೆಗೆಯಲು ಹೇಳಿದರೆ ಅವಲಂಬನೆಗಳನ್ನು, ಅಂದರೆ ಯಾರಿಗೆ ಯಾವುದು ಬೇಕು ಅನ್ನೋದನ್ನು, ನೋಡುವುದಿಲ್ಲ. ಮಾಮೂಲಿಯಾಗಿ ಐದು ಸೆಕೆಂಡ್ ಎಣಿಸುತ್ತದೆ, ಅಷ್ಟರಲ್ಲಿ ಮನಸ್ಸು ಬದಲಾದರೆ ನಿಲ್ಲಿಸಬಹುದು. ಪಟಾಕಿಯ ಬತ್ತಿಗೆ ಕಿಡಿ ಹಚ್ಚಿ ದೂರ ನಿಲ್ಲು ಅಂದ ಹಾಗೆ. ನ್ಯಾಯವಾಗಿ ಹೇಳಬೇಕೆಂದರೆ, ಅವಲಂಬನೆ ನೋಡಿ ತೆಗೆಯುವ ಡೆಪ್‌ಕ್ಲೀನ್ ಅನ್ನೋ ಒಳ್ಳೆಯ ದಾರಿಯೂ ಅಲ್ಲೇ ಇದೆ.

ಈಗ ವಿಂಡೋಸ್ ಕಡೆ ಬನ್ನಿ. ಹಳೆಯ ವಿಂಡೋಸ್ ಬಳಸಿದವರಿಗೆ ಈ ಪೆಟ್ಟಿಗೆ ನೆನಪಿರಬಹುದು. ಏನನ್ನೋ ಅನ್‌ಇನ್‌ಸ್ಟಾಲ್ ಮಾಡುವಾಗ ನಡುವೆ ಎದ್ದು ನಿಂತು, ‘ಹಂಚಿಕೊಂಡ ಈ ಕಡತವನ್ನು ಈಗ ಯಾರೂ ಬಳಸುತ್ತಿಲ್ಲ ಅಂತ ಕಾಣುತ್ತದೆ, ತೆಗೆಯಲೇ? ಯಾರಾದರೂ ಬಳಸುತ್ತಿದ್ದರೆ ಅವರಿಗೆ ತೊಂದರೆಯಾಗಬಹುದು’ ಅಂತ ಕೇಳುತ್ತಿತ್ತು. ಕೆಳಗೆ ಹೌದು, ಎಲ್ಲಕ್ಕೂ ಹೌದು, ಬೇಡ, ಎಲ್ಲಕ್ಕೂ ಬೇಡ ಅಂತ ಗುಂಡಿಗಳು. ಕಡತದ ಹೆಸರೋ, ದೇವರಿಗೇ ಪ್ರೀತಿ. ನಾಲ್ಕಾರು ಅಕ್ಷರ, ಎರಡು ಅಂಕಿ, ಕೊನೆಗೆ ಡಿಎಲ್‌ಎಲ್, ಅದು ವಿಂಡೋಸ್‌ನಲ್ಲಿ ಲೈಬ್ರರಿ ಕಡತದ ಗುರುತು.

ಇದರ ಹಿಂದೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ, ಶೇರ್ಡ್ ಡಿಎಲ್‌ಎಲ್ಸ್ ಅಂತ ಒಂದು ಲೆಕ್ಕದ ಪುಸ್ತಕ ಇತ್ತು. ಒಂದು ಪ್ರೋಗ್ರಾಮ್ ಆ ಕಡತವನ್ನು ಹಾಕಿದಾಗ ಅಂಕಿ ಒಂದು ಏರಬೇಕು. ಪ್ರೋಗ್ರಾಮ್ ಹೋದಾಗ ಒಂದು ಇಳಿಯಬೇಕು. ಸೊನ್ನೆಗೆ ಬಂದರೆ ಯಾರಿಗೂ ಬೇಡ ಅಂತ ಅರ್ಥ. ಯೋಚನೆ ಚೆನ್ನಾಗಿದೆ, ಅಲ್ವಾ? ಆದರೆ ಎಷ್ಟೋ ಇನ್‌ಸ್ಟಾಲರ್‌ಗಳು ಅಂಕಿ ಏರಿಸುತ್ತಲೇ ಇರಲಿಲ್ಲ. ಕಡತವನ್ನು ಕಾಪಿ ಮಾಡಿ ಹೋಗಿಬಿಡುತ್ತಿದ್ದವು. ಹಾಗಾಗಿ ಸೊನ್ನೆ ಅಂದರೆ ನಿಜವಾಗಿ ಸೊನ್ನೆಯಾ ಅಂತ ಕಂಪ್ಯೂಟರಿಗೇ ಅನುಮಾನ. ಆ ಅನುಮಾನವನ್ನು ಎತ್ತಿ ಬಳಕೆದಾರರ ತಲೆಗೆ ಕಟ್ಟಿತು. ವ್ಯವಸ್ಥೆಗೇ ಗೊತ್ತಿಲ್ಲದ ಉತ್ತರ ನನಗೆ ಹೇಗೆ ಗೊತ್ತಿರಬೇಕು? ಇದು ಎಚ್ಚರಿಕೆ ಅಲ್ಲ. ನಾಳೆ ಕೆಟ್ಟರೆ ‘ನಾನು ಕೇಳಿದ್ದೆ, ನೀನೇ ಹೌದು ಅಂದೆ’ ಅನ್ನಲು ಬರೆಸಿಕೊಂಡ ಮುಚ್ಚಳಿಕೆ.

ಈಗಿನ ವಿಂಡೋಸ್‌ನಲ್ಲೂ ಒಂದು ಉದಾಹರಣೆ ಇದೆ. ಪ್ರೋಗ್ರಾಮುಗಳ ಪಟ್ಟಿ ತೆರೆದರೆ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅಂತ ಸಾಲುಸಾಲು ಕಾಣುತ್ತದೆ. ಇವೂ ಬೇರೆ ಪ್ರೋಗ್ರಾಮುಗಳು ಹಂಚಿಕೊಳ್ಳುವ ಲೈಬ್ರರಿಗಳೇ. 2008, 2010, 2012, 2013, ಹೀಗೆ. ಒಂದೊಂದು ವರ್ಷಕ್ಕೂ 32 ಬಿಟ್ ಒಂದು, 64 ಬಿಟ್ ಒಂದು. ನೋಡಿದವರಿಗೆ ಕಸ ಅನ್ನಿಸದೆ ಇರುತ್ತದಾ? ಹೊಸದೊಂದು ಇದ್ದರೆ ಸಾಕು ಅಂತ ಹಳೆಯದನ್ನೆಲ್ಲ ತೆಗೆಯುತ್ತಾರೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಯಾಕೆಂದರೆ ಯಾವ ಆಟಕ್ಕೆ ಯಾವ ವರ್ಷದ್ದು ಬೇಕು ಅನ್ನೋ ಚೀಟಿ ಅಲ್ಲಿ ಯಾರೂ ಇಟ್ಟಿಲ್ಲ. ತಿಂಗಳು ಬಿಟ್ಟು ಆಟ ತೆರೆದಾಗ ‘ಇಂಥ ಡಿಎಲ್‌ಎಲ್ ಸಿಗಲಿಲ್ಲ’ ಅನ್ನುತ್ತದೆ. ಅಷ್ಟೊತ್ತಿಗೆ ತೆಗೆದದ್ದು ನೆನಪೇ ಇರುವುದಿಲ್ಲ. ತಪ್ಪಿಗೂ ಅದರ ಫಲಕ್ಕೂ ನಡುವೆ ಅಂತರ ಜಾಸ್ತಿಯಾದಷ್ಟೂ ಕಾರಣ ಹುಡುಕೋದು ಕಷ್ಟ. ಎಚ್ಚರಿಕೆ ತೆಗೆಯುವ ಕ್ಷಣದಲ್ಲೇ ಬರಬೇಕು ಅನ್ನೋದು ಇದಕ್ಕೇ.

ಆದರೆ ಎಚ್ಚರಿಕೆ ಕ್ಷಣಕ್ಕೆ ಸರಿಯಾಗಿ ಬಂದರೂ ಸಾಲದು. ಅದಕ್ಕೆ 2021ರ ನವೆಂಬರ್‌ನ ಪ್ರಸಂಗ ಸಾಕ್ಷಿ. ಲೈನಸ್ ಸೆಬಾಸ್ಟಿಯನ್ ಅನ್ನೋ ಹೆಸರಾಂತ ಯೂಟ್ಯೂಬರ್, ಲಿನಕ್ಸ್‌ನಲ್ಲಿ ಆಟ ಆಡಬಹುದಾ ಅಂತ ನೋಡಲು ಪಾಪ್ ಓಎಸ್ ಅನ್ನೋ ಲಿನಕ್ಸ್ ಹಾಕಿಕೊಂಡರು. ಆಟಗಳನ್ನು ಕೊಂಡು ಆಡುವ ಸ್ಟೀಮ್ ಅನ್ನೋ ಪ್ರೋಗ್ರಾಮ್ ಹಾಕಲು ಹೋದರು. ಆ ಹೊತ್ತಿಗೆ ಪ್ಯಾಕೇಜ್‌ಗಳ ಆವೃತ್ತಿಗಳಲ್ಲಿ ಒಂದು ಹೊಂದಾಣಿಕೆ ತಪ್ಪಿತ್ತು. ಮೌಸ್‌ನಿಂದ ಒತ್ತಿ ಪ್ರೋಗ್ರಾಮ್ ಹಾಕಿಕೊಳ್ಳುವ ಅಂಗಡಿ ಆಪ್ ‘ಆಗೋದಿಲ್ಲ’ ಅಂತ ನಿಲ್ಲಿಸಿತು. ಅವರು ಟರ್ಮಿನಲ್‌ಗೆ ಹೋದರು. ಆಪ್ಟ್ ಲೆಕ್ಕ ಹಾಕಿ ಒಂದು ದಾರಿ ಕಂಡುಹಿಡಿಯಿತು: ಡೆಸ್ಕ್‌ಟಾಪನ್ನು ತೆಗೆದರೆ ಸ್ಟೀಮ್ ಹಾಕಬಹುದು! ಗಣಿತಕ್ಕೆ ಅದು ಸರಿಯಾದ ಉತ್ತರವೇ.

ಆಪ್ಟ್ ಸುಮ್ಮನಿರಲಿಲ್ಲ. ಅತ್ಯಗತ್ಯ ಪ್ಯಾಕೇಜ್‌ಗಳು ಹೋಗುತ್ತವೆ, ಏನು ಮಾಡುತ್ತಿದ್ದೀರಿ ಅಂತ ಸರಿಯಾಗಿ ಗೊತ್ತಿಲ್ಲದಿದ್ದರೆ ಮಾಡಬೇಡಿ ಅಂತ ಹೇಳಿತು. ಮುಂದುವರಿಯಬೇಕಾದರೆ ‘ಯೆಸ್, ಡೂ ಆ್ಯಸ್ ಐ ಸೇ!’ ಅಂತ ಪೂರ್ತಿ ವಾಕ್ಯ ಟೈಪ್ ಮಾಡಿ ಅಂತ ಕೇಳಿತು. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪ್ ಹೋಯಿತು. ಲಕ್ಷಾಂತರ ಜನ ವಿಡಿಯೊ ನೋಡಿದರು.

ಆಗ ಎರಡು ಪಕ್ಷವಾಯಿತು. ಓದದೆ ಟೈಪ್ ಮಾಡಿದ್ದು ಅವರ ತಪ್ಪು ಅಂದವರು ಒಂದು ಕಡೆ. ಆಟ ಹಾಕಲು ಹೋದರೆ ಮನೆಯೇ ಬಿದ್ದದ್ದು ವ್ಯವಸ್ಥೆಯ ತಪ್ಪು ಅಂದವರು ಇನ್ನೊಂದು ಕಡೆ. ನಾನು ಎರಡನೆಯ ಪಕ್ಷ. ಅವರ ಜಾಗದಲ್ಲಿ ನಿಂತು ನೋಡಿ. ಅವರು ಏನನ್ನೂ ತೆಗೆಯಲು ಹೊರಟಿರಲಿಲ್ಲ, ಹಾಕಲು ಹೊರಟಿದ್ದರು. ಹಾಕುವವನ ಕಣ್ಣು ‘ಹೋಗುತ್ತದೆ’ ಅನ್ನೋ ಮಾತನ್ನು ಹುಡುಕುತ್ತಿರುವುದಿಲ್ಲ. ಟರ್ಮಿನಲ್ ಅಂದರೆ ಹೀಗೇ ಗದರುತ್ತದೆ, ಹೇಳಿದ್ದು ಟೈಪ್ ಮಾಡಿದರೆ ಆಯಿತು ಅಂತ ಹೊಸಬರಿಗೆ ಅನ್ನಿಸೋದು ಸಹಜ. ಇನ್ನು ಆ ವಾಕ್ಯವೋ, ಏನು ಟೈಪ್ ಮಾಡಬೇಕು ಅಂತ ಪರದೆಯ ಮೇಲೇ ಬರೆದಿದೆ. ನೋಡಿ ನಕಲು ಮಾಡಲು ತಿಳಿವಳಿಕೆ ಬೇಕಿಲ್ಲ, ಬೆರಳು ಸಾಕು.

‘ನಾನು ಹೇಳಿದ ಹಾಗೆ ಮಾಡು’ ಅನ್ನೋ ಬದಲು ‘ನನ್ನ ಡೆಸ್ಕ್‌ಟಾಪ್ ತೆಗೆ’ ಅಂತ ಟೈಪ್ ಮಾಡಿ ಅಂತ ಕೇಳಿದ್ದರೆ? ಬೆರಳು ಅರ್ಧದಲ್ಲೇ ನಿಲ್ಲುತ್ತಿತ್ತು ಅಂತ ನನ್ನ ನಂಬಿಕೆ. ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಒಂದು ರೆಪೊಸಿಟರಿ, ಅಂದರೆ ಒಂದು ಯೋಜನೆಯ ಕೋಡ್ ಸಂಗ್ರಹ, ಅಳಿಸಬೇಕಾದರೆ ಅದರ ಹೆಸರನ್ನೇ ಬರೆಯಬೇಕು. ಕಳೆದುಕೊಳ್ಳುವ ವಸ್ತುವಿನ ಹೆಸರು ನಮ್ಮ ಕೈಯಿಂದಲೇ ಬರುತ್ತದೆ. ಹೌದು ಅನ್ನೋದು ಎಲ್ಲ ಪ್ರಶ್ನೆಗೂ ಒಂದೇ ಥರದ ಉತ್ತರ. ಹೆಸರು ಹಾಗಲ್ಲ.

ಈ ಪ್ರಸಂಗದ ನಂತರ ಆಪ್ಟ್ ಬದಲಾಯಿತು. ಅದೇ ನವೆಂಬರ್‌ನಲ್ಲಿ ಬಂದ 2.3.12 ಆವೃತ್ತಿಯಿಂದ, ಗೋಜಲು ಬಿಡಿಸಲು ಅತ್ಯಗತ್ಯ ಪ್ಯಾಕೇಜ್ ತೆಗೆಯುವ ದಾರಿಯನ್ನು ಅದು ತಾನಾಗಿ ಹಿಡಿಯುವುದಿಲ್ಲ. ಅದಕ್ಕೂ ಮೇಲೆ, 3.0ರಲ್ಲಿ ಹೋಗುವ ಪ್ಯಾಕೇಜ್‌ಗಳು ಕೆಂಪು ಬಣ್ಣದಲ್ಲಿ, ಬೇರೆಯಾಗಿ ಕಾಣುತ್ತವೆ. ಡಿಎನ್‌ಎಫ್‌ನಲ್ಲಿ ಮುಟ್ಟಬಾರದವುಗಳ ಪಟ್ಟಿಯೇ ಇದೆ. ಡಿಎನ್‌ಎಫ್‌ನಿಂದಲೇ ಡಿಎನ್‌ಎಫ್ ತೆಗೆಯಲು ಹೋದರೆ ಒಪ್ಪುವುದಿಲ್ಲ. ಇದು ನನಗೆ ಇಷ್ಟ. ಕೆಲವು ಕಡೆ ಪ್ರಶ್ನೆ ಕೇಳುವುದೇ ತಪ್ಪು, ಆಗೋದಿಲ್ಲ ಅನ್ನಬೇಕು.

ಎಲ್ಲದಕ್ಕೂ ಆಗೋದಿಲ್ಲ ಅನ್ನಲು ಬರುವುದಿಲ್ಲವಲ್ಲ. ಹಾಗಾದರೆ ಒಳ್ಳೆಯ ಎಚ್ಚರಿಕೆ ಹೇಗಿರಬೇಕು?

ನನ್ನ ಪ್ರಕಾರ ಅದು ಪ್ಯಾಕೇಜ್‌ಗಳ ಭಾಷೆಯಲ್ಲಿ ಇರಬಾರದು, ಕೆಲಸಗಳ ಭಾಷೆಯಲ್ಲಿ ಇರಬೇಕು. ‘143 ಪ್ಯಾಕೇಜ್‌ಗಳು ಹೋಗುತ್ತವೆ’ ಅಂದರೆ ನನಗೇನು ಅರ್ಥವಾಗುತ್ತದೆ? ‘ಇದನ್ನು ತೆಗೆದರೆ ಫೋಟೊ ತಿದ್ದುವ ಪ್ರೋಗ್ರಾಮ್ ಓಡುವುದಿಲ್ಲ, ಪ್ರಿಂಟರ್ ಕೆಲಸ ಮಾಡುವುದಿಲ್ಲ’ ಅಂದರೆ ಅರ್ಥವಾಗುತ್ತದೆ. ಇದಕ್ಕೆ ಬೇಕಾದ ಮಾಹಿತಿ ಬಹುಪಾಲು ಯಂತ್ರದ ಹತ್ತಿರವೇ ಇದೆ. ಮೆನುವಿನಲ್ಲಿ ಕಾಣುವ ಪ್ರತಿ ಪ್ರೋಗ್ರಾಮಿಗೂ ಡೆಸ್ಕ್‌ಟಾಪ್ ಕಡತ ಅಂತ ಒಂದು ಇರುತ್ತದೆ, ಅದರಲ್ಲಿ ಮನುಷ್ಯರು ಓದುವ ಹೆಸರು, ಚಿತ್ರ ಎಲ್ಲ ಇರುತ್ತದೆ. ಹೋಗುವ ಪಟ್ಟಿಯಲ್ಲಿ ಅಂಥವು ಯಾವುವು ಅಂತ ಆರಿಸಿ ಮೇಲೆ ಇಡಿ. ಅವುಗಳಲ್ಲೂ ಬಳಕೆದಾರ ತಾನೇ ಕೇಳಿ ಹಾಕಿಸಿಕೊಂಡದ್ದು ಯಾವುದು, ಇನ್ನೊಂದರ ಜೊತೆ ತಾನಾಗಿ ಬಂದದ್ದು ಯಾವುದು ಅಂತ ಆಪ್ಟ್ ಗುರುತು ಇಟ್ಟಿರುತ್ತದೆ. ಕೇಳಿ ಹಾಕಿಸಿಕೊಂಡದ್ದು ಹೋಗುತ್ತಿದ್ದರೆ ಅದು ಮೊದಲ ಸಾಲಿನಲ್ಲಿ ಬರಬೇಕು. ಉಳಿದ ಲೈಬ್ರರಿಗಳ ಸಂತೆ ಕೆಳಗೆ ಇರಲಿ, ಬೇಕಾದವರು ಬಿಚ್ಚಿ ನೋಡಲಿ. ನನ್ನ ಆ ಕಪ್ಪು ಪರದೆಯ ದಿನ ಹೆಸರುಗಳೆಲ್ಲ ಅಕ್ಷರದ ಸಾಲಿನಲ್ಲಿ ಬಂದಿದ್ದವು. ನಿಘಂಟಿಗೆ ಅದು ಸರಿ.

ಜಾಗ ಖಾಲಿಯಾಗುವ ಸಾಲನ್ನು ಪ್ರಶ್ನೆಯ ತಲೆಯ ಮೇಲೇ ಕೂರಿಸಬೇಡಿ. ಕೆಟ್ಟ ಸುದ್ದಿಯೆಲ್ಲ ಮೇಲಕ್ಕೆ ಹರಿದುಹೋಗಿ, ಕಣ್ಣೆದುರು ಉಳಿಯುವುದು ಒಳ್ಳೆಯ ಸುದ್ದಿಯೊಂದೇ.

ಇನ್ನೊಂದು, ಎಚ್ಚರಿಕೆ ಅಪರೂಪವಾಗಿರಬೇಕು. ದಿನಾ ತೋಳ ಬಂತು ಅಂದರೆ ಯಾರು ಓಡಿಬರುತ್ತಾರೆ? ಆಂಡ್ರಾಯ್ಡ್‌ನಲ್ಲಿ ಮೊದಲೇ ಬಂದ ಆಪ್ ಒಂದನ್ನು ನಿಷ್ಕ್ರಿಯ ಮಾಡಲು ಹೋಗಿ. ಬೇರೆ ಆಪ್‌ಗಳು ಸರಿಯಾಗಿ ಕೆಲಸ ಮಾಡದೆ ಹೋಗಬಹುದು ಅನ್ನುತ್ತದೆ. ಯಾರೂ ತೆರೆಯದ ಒಂದು ಆಟಕ್ಕೂ ಅದೇ ಮಾತು. ಎಷ್ಟೋ ಆಪ್‌ಗಳ ಒಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂಗೂ ಅದೇ ಮಾತು. ಎರಡಕ್ಕೂ ಒಂದೇ ಮಾತು ಹೇಳಿದರೆ ಏನೂ ಹೇಳದ ಹಾಗೆಯೇ.

ಯಂತ್ರ ತನಗೆ ಗೊತ್ತಿಲ್ಲದ್ದನ್ನೂ ಒಪ್ಪಿಕೊಳ್ಳಬೇಕು. ಚೀಟಿಯಲ್ಲಿ ಬರೆದದ್ದು ಮಾತ್ರ ಅದಕ್ಕೆ ಗೊತ್ತು. ನಾನೇ ಕಂಪೈಲ್ ಮಾಡಿ ಹಾಕಿಕೊಂಡ ಪ್ರೋಗ್ರಾಮಿಗೆ ಚೀಟಿ ಇಲ್ಲ. ರಾತ್ರಿ ಬ್ಯಾಕಪ್ ಮಾಡಲು ಬರೆದ ಸಣ್ಣ ಸ್ಕ್ರಿಪ್ಟ್‌ಗೂ ಇಲ್ಲ. ಅದು ಕಡತ ನಕಲು ಮಾಡುವ ಆರ್‌ಸಿಂಕ್ ಬಳಸುತ್ತದೆ ಅಂತ ಆಪ್ಟ್‌ಗೆ ಹೇಗೆ ತಿಳಿಯಬೇಕು? ಹಾಗಾಗಿ ‘ಇದು ಯಾರಿಗೂ ಬೇಡ’ ಅಂತ ಹೇಳುವುದು ಸುಳ್ಳು. ‘ನನಗೆ ತಿಳಿದ ಮಟ್ಟಿಗೆ ಯಾವ ಪ್ಯಾಕೇಜಿಗೂ ಬೇಡ’ ಅನ್ನೋದು ನಿಜ. ಡೆಬಿಯನ್ ಚೀಟಿಗಳಲ್ಲೇ ಇನ್ನೊಂದು ಮೆಟ್ಟಿಲಿದೆ. ‘ಇದು ಬೇಕೇ ಬೇಕು’ ಅನ್ನೋದರ ಕೆಳಗೆ ‘ಇದ್ದರೆ ಚೆನ್ನ’ ಅನ್ನೋ ಶಿಫಾರಸು. ಶಿಫಾರಸಿನ ಪ್ಯಾಕೇಜ್ ತೆಗೆದರೆ ಯಾರೂ ಬೀಳುವುದಿಲ್ಲ, ಸದ್ದೂ ಆಗುವುದಿಲ್ಲ. ಒಂದು ದಿನ ಯಾವುದೋ ಸೌಲಭ್ಯ ಇಲ್ಲದೆ ಹೋಗಿರುತ್ತದೆ, ಅಷ್ಟೇ. ಒಂದು ಸಾಲಿನ ಎಚ್ಚರಿಕೆ ಬೇಕಿರುವುದು ಅಲ್ಲಿ.

ಇದೇ ಕಥೆ ಇನ್ನೂ ದೊಡ್ಡದಾಗಿ, ಎಲ್ಲರೂ ಪ್ಯಾಕೇಜ್ ಇಳಿಸಿಕೊಳ್ಳುವ ಉಗ್ರಾಣದಲ್ಲೇ ನಡೆದದ್ದು 2016ರ ಮಾರ್ಚ್ 22ರಂದು. ಹೆಸರಿನ ಜಗಳವೊಂದರಲ್ಲಿ ಬೇಸತ್ತ ಡೆವಲಪರ್ ಒಬ್ಬರು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಉಗ್ರಾಣವಾದ ಎನ್‌ಪಿಎಂನಿಂದ ತಮ್ಮ ಪ್ಯಾಕೇಜ್‌ಗಳನ್ನೆಲ್ಲ ತೆಗೆದರು. ಅದರಲ್ಲಿ ಲೆಫ್ಟ್‌ಪ್ಯಾಡ್ ಅನ್ನೋದು ಬರೀ 11 ಸಾಲಿನ ಕೋಡ್. ಬೇಬೆಲ್‌ನಂಥ ದೊಡ್ಡ ದೊಡ್ಡ ಯೋಜನೆಗಳು ಅದರ ಮೇಲೆ ನಿಂತಿದ್ದವು. ಲೋಕದ ತುಂಬ ಬಿಲ್ಡ್‌ಗಳು, ಅಂದರೆ ಕೋಡ್‌ನಿಂದ ಪ್ರೋಗ್ರಾಮ್ ಕಟ್ಟುವ ಕೆಲಸಗಳು, ನಿಂತುಹೋದವು. ತೆಗೆದವರಿಗೆ ಅದರ ಹಕ್ಕಿತ್ತು, ಆದರೆ ಯಾರ್ಯಾರು ಬೀಳುತ್ತಾರೆ ಅಂತ ತೆಗೆಯುವ ಮುಂಚೆ ಅವರಿಗೆ ಯಾರೂ ತೋರಿಸಲಿಲ್ಲ. ಈಗ ನಿಯಮ ಬದಲಾಗಿದೆ. ಪ್ರಕಟವಾಗಿ 72 ಗಂಟೆ ದಾಟಿದ ಪ್ಯಾಕೇಜನ್ನು ಬೇರೆಯವು ಅವಲಂಬಿಸಿದ್ದರೆ ತಾವಾಗಿ ತೆಗೆಯಲು ಬರುವುದಿಲ್ಲ.

ಎಚ್ಚರಿಕೆ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಕೈ ಜಾರುತ್ತದೆ. ಆಗ ಬೇಕಾದದ್ದು ಹಿಂದಕ್ಕೆ ಹೋಗುವ ದಾರಿ. ಡಿಎನ್‌ಎಫ್‌ನಲ್ಲಿ ಮಾಡಿದ್ದನ್ನು ರದ್ದು ಮಾಡುವ ಹಿಸ್ಟರಿ ಅನ್‌ಡೂ ಇದೆ. ಓಪನ್‌ಸೂಸೆ ಲಿನಕ್ಸ್‌ನಲ್ಲಿ ಬಿಟಿಆರ್‌ಎಫ್‌ಎಸ್ ಅನ್ನೋ ಕಡತ ವ್ಯವಸ್ಥೆ ಇದ್ದರೆ, ಪ್ಯಾಕೇಜ್ ಕೆಲಸದ ಮುಂಚೆ ಒಂದು, ಆಮೇಲೆ ಒಂದು ಅಂತ ಸ್ನ್ಯಾಪರ್ ಅನ್ನೋ ಸಾಧನ ತಾನೇ ಆ ಹೊತ್ತಿನ ಸ್ಥಿತಿಯ ಚಿತ್ರ ತೆಗೆದಿಡುತ್ತದೆ. ನಿಕ್ಸ್‌ಓಎಸ್‌ನಲ್ಲಿ ಬೂಟ್ ಮೆನುವಿನಿಂದಲೇ ಹಿಂದಿನ ಸ್ಥಿತಿಗೆ ಹೋಗಬಹುದು. ಹಿಂದಕ್ಕೆ ಹೋಗಲು ಬರುತ್ತದೆ ಅಂದರೆ ಅಷ್ಟಷ್ಟಕ್ಕೂ ಗದರಬೇಕಾಗಿಲ್ಲ.

ಇನ್ನು ಪ್ರಶ್ನೆಗಳು.

ಎಷ್ಟೇ ಚೆಂದ ಬರೆದರೂ ಜನ ಓದೋದಿಲ್ಲ ಅಲ್ವಾ ಸರ್? ಹಾಗಾದರೆ ಇಷ್ಟೆಲ್ಲ ಯಾಕೆ?

ಓದೋದಿಲ್ಲ, ನಿಜ. ಆದರೆ ಓದದೆ ಇರುವುದನ್ನು ಅವರಿಗೆ ಕಲಿಸಿದ್ದು ನಾವೇ. ಹತ್ತು ಸಲ ಬೇಡದ ಪ್ರಶ್ನೆ ಕೇಳಿ, ಹನ್ನೊಂದನೆಯ ಸಲ ಓದಲಿಲ್ಲ ಅಂತ ಬೈದರೆ ಹೇಗೆ? ಮತ್ತೆ, ಓದದವರಿಗೂ ಎಂಟರ್ ಒತ್ತಿದರೆ ಏನಾಗುತ್ತದೆ ಅನ್ನೋದನ್ನು ನಿರ್ಧರಿಸುವವರು ನಾವು. ಅಲ್ಲಿ ‘ಬೇಡ’ ಇಟ್ಟರೆ ಓದದವರು ಹೆಚ್ಚೆಂದರೆ ಕೆಲಸ ಆಗಲಿಲ್ಲ ಅಂತ ಗೊಣಗುತ್ತಾರೆ.

ನಿಮ್ಮ ಆ ಕಂಪ್ಯೂಟರ್ ಆಮೇಲೆ ಏನಾಯ್ತು?

ಸರಿಯಾಯಿತು, ಒಂದು ರಾತ್ರಿ ಹಿಡಿಯಿತು. ಕಪ್ಪು ಪರದೆಯಲ್ಲೇ ಲಾಗಿನ್ ಆದೆ. ಕೇಬಲ್ ಚುಚ್ಚಿ, ಗೆಳೆಯನೊಬ್ಬ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳುತ್ತಾ ಹೋದ ಹಾಗೆ ಆಜ್ಞೆ ಕೊಟ್ಟು ನೆಟ್‌ವರ್ಕ್ ಎಬ್ಬಿಸಿದೆ. ಆಪ್ಟ್ ತಾನು ಮಾಡಿದ್ದನ್ನೆಲ್ಲ ಒಂದು ಹಿಸ್ಟರಿ ಲಾಗ್‌ನಲ್ಲಿ ಬರೆದಿಡುತ್ತದೆ. ಅದನ್ನು ತೆರೆದು, ಯಾವುದೆಲ್ಲ ಹೋಯಿತು ಅಂತ ನೋಡಿಕೊಂಡು ಒಂದೊಂದಾಗಿ ವಾಪಸ್ ಹಾಕಿದೆ. ಸಂಜೆ ಪರದೆಯ ಮೇಲೆ ಹರಿದುಹೋಗಿದ್ದ ಪಟ್ಟಿಯನ್ನು ಮೊದಲ ಸಲ ಪೂರ್ತಿ ಓದಿದ್ದು ಆಗಲೇ. ಡೆಸ್ಕ್‌ಟಾಪ್‌ನ ಹೆಸರು ನಡುವೆ ಎಲ್ಲೋ, ಎರಡು ಲೈಬ್ರರಿಗಳ ಮಧ್ಯೆ ಇತ್ತು.